ತೆರೆಯ ಮೇಲೆ ಬಾರದ ಹೆಸರು



ಸಿನಿಮಾ ಬಗ್ಗೆ ಮಾತು ಎಂದಾಗ ನೀವೆಲ್ಲ ಅಣ್ಣಾವ್ರ ಚಿತ್ರಗಳನ್ನು ನಿರೀಕ್ಷಿಸಿರುತ್ತೀರಿ. ಇವತ್ತು ನಾನು ಹೇಳಹೊರಟಿರುವುದು ನಾವು ದುಡಿಯುತ್ತಿರುವ ಈ ದೇಶದ್ದೇ ಒಂದು ಕಪ್ಪು-ಬಿಳುಪು ಚಿತ್ರದ ಕಥೆ: 1950ರ ‘ಗನ್ ಕ್ರೇಜಿ’. ನಿರ್ದೇಶಕ ಜೋಸೆಫ್ ಎಚ್. ಲೂಯಿಸ್. ಯುದ್ಧ ಮುಗಿದ ಮೇಲೆ ಇಲ್ಲಿ ಸಾಲುಸಾಲಾಗಿ ಬಂದ, ಕತ್ತಲೆ ಮತ್ತು ಅಪರಾಧದ ಇಂಥ ಚಿತ್ರಗಳಿಗೆ ಫಿಲ್ಮ್ ನ್ವಾರ್ ಎನ್ನುತ್ತಾರೆ.

ನಾಯಕ ಬಾರ್ಟ್‌ಗೆ ಚಿಕ್ಕಂದಿನಿಂದ ಬಂದೂಕಿನ ಹುಚ್ಚು. ಆದರೆ ಜೀವ ತೆಗೆಯಲು ಕೈ ಬಾರದು. ಕಾರ್ನಿವಲ್ ಒಂದರಲ್ಲಿ ಗುರಿಕಾರ್ತಿ ಲಾರಿ ಸಿಗುತ್ತಾಳೆ. ಅವಳಿಗೆ ಹಣ ಬೇಕು, ಗುಂಡು ಹಾರಿಸಲು ಹಿಂಜರಿಕೆಯಿಲ್ಲ. ಇಬ್ಬರೂ ದರೋಡೆಗಿಳಿಯುತ್ತಾರೆ. ಒಂದು ಬ್ಯಾಂಕ್ ದರೋಡೆಯನ್ನಂತೂ ನಾವು ಕಾರಿನ ಹಿಂದಿನ ಸೀಟಿನಿಂದಲೇ ನೋಡುತ್ತೇವೆ. ಮೂರು ನಿಮಿಷಕ್ಕೂ ಹೆಚ್ಚು ಕಾಲ ಒಂದೂ ಕಟ್ ಇಲ್ಲ. ಕ್ಯಾಮೆರಾ ಬ್ಯಾಂಕಿನೊಳಗೆ ಹೋಗುವುದೇ ಇಲ್ಲ. ಹೊರಗೆ ಲಾರಿ ಪೊಲೀಸನೊಬ್ಬನನ್ನು ಮಾತಿಗೆಳೆಯುತ್ತಾಳೆ. ನೋಡುವ ನಮಗೆ ಎದೆ ಡವಡವ.

ಚಿತ್ರಕಥೆ ಯಾರದು? ತೆರೆಯ ಮೇಲೆ ಎರಡು ಹೆಸರುಗಳಿದ್ದವು: ಮೂಲ ಕಥೆ ಬರೆದ ಮ್ಯಾಕಿನ್ಲೆ ಕ್ಯಾಂಟರ್ ಮತ್ತು ಮಿಲ್ಲರ್ಡ್ ಕೌಫ್‌ಮನ್. ಆದರೆ ಕ್ಯಾಂಟರ್ ಜೊತೆಗೆ ನಿಜವಾಗಿ ಬರೆದವರು ಡಾಲ್ಟನ್ ಟ್ರಂಬೊ. 1947ರಲ್ಲಿ ಸಂಸತ್ತಿನ ಸಮಿತಿ ಅವರನ್ನು ಕರೆಸಿ ಕಮ್ಯುನಿಸ್ಟರೇ ಎಂದು ಕೇಳಿತು. ಅವರೂ ಇನ್ನೂ ಒಂಬತ್ತು ಮಂದಿಯೂ ಉತ್ತರ ಕೊಡಲು ಒಪ್ಪಲಿಲ್ಲ. ಸ್ಟುಡಿಯೋಗಳು ಬಾಗಿಲು ಮುಚ್ಚಿದವು. ಒಲೆ ಉರಿಯಬೇಕಲ್ಲ, ಟ್ರಂಬೊ ಹೆಸರಿಲ್ಲದೆ ಬರೆದರು. ಕೌಫ್‌ಮನ್ ತಮ್ಮ ಹೆಸರನ್ನು ಎರವಲು ಕೊಟ್ಟರು. ಚಿತ್ರ ಬಿಡುಗಡೆಯಾದ ವರ್ಷವೇ ಟ್ರಂಬೊ ಜೈಲು ಸೇರಿದರು.

ಜೈಲಿಗೂ ನಮ್ಮ ಆಫೀಸಿಗೂ ಹೋಲಿಕೆಯಿಲ್ಲ, ಗೊತ್ತು. ಆದರೂ ನಾನು ಇಲ್ಲಿಗೆ ಬಂದ ಹೊಸದರಲ್ಲಿ ವಾರಗಟ್ಟಲೆ ಕೂತು ಬರೆದ ವರದಿ, ಮೀಟಿಂಗಿನಲ್ಲಿ ಬೇರೆಯವರ ಹೆಸರಲ್ಲಿ ಬಂತು. ನನ್ನ ವೀಸಾ ಅವರ ಸಹಿಯ ಮೇಲಿತ್ತು. ಸುಮ್ಮನಿದ್ದೆ. ಇಲ್ಲಿ ತಲೆಯಾಡಿಸುತ್ತಿರುವವರು ಎಷ್ಟು ಮಂದಿ, ನನಗೆ ಕಾಣುತ್ತಿದೆ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಹತ್ತು ವರ್ಷದ ನಂತರ ನಾನೂ ಅದನ್ನೇ ಮಾಡಿದೆ. ಹೊಸದಾಗಿ ಸೇರಿದ ಹುಡುಗಿಯ ಕೆಲಸವನ್ನು ‘ನಮ್ಮ ತಂಡದ್ದು’ ಎಂದು ನನ್ನ ಹೆಸರಲ್ಲಿ ತೋರಿಸಿದೆ. ಅವಳೂ ಸುಮ್ಮನಿದ್ದಳು.

ಅದಕ್ಕೇ ಈ ಕಥೆಯಲ್ಲಿ ನನಗೆ ಕೌಫ್‌ಮನ್ ದೊಡ್ಡವರಾಗಿ ಕಾಣುತ್ತಾರೆ. ಟ್ರಂಬೊ 1976ರಲ್ಲೇ ತೀರಿಕೊಂಡಿದ್ದರು. ಕೇಳುವವರು ಯಾರೂ ಇರಲಿಲ್ಲ. 1992ರಲ್ಲಿ ಕೌಫ್‌ಮನ್ ತಾವಾಗಿಯೇ ಬರಹಗಾರರ ಸಂಘಕ್ಕೆ ಹೇಳಿ, ತಮ್ಮ ಹೆಸರು ತೆಗೆಸಿ ಟ್ರಂಬೊ ಹೆಸರು ಹಾಕಿಸಿದರು. ನಲವತ್ತೆರಡು ವರ್ಷ ತಡವಾಗಿ.

ನಾನು ಅಷ್ಟು ಕಾಯಲಿಲ್ಲ. ಕಳೆದ ವರ್ಷ ಆ ಹುಡುಗಿಗೆ ಫೋನ್ ಮಾಡಿದೆ, ಅವಳ ಮ್ಯಾನೇಜರಿಗೆ ಪತ್ರ ಬರೆದೆ. ನಾಚಿಕೆಯಾಯಿತು, ಆದರೆ ಬರೆದೆ.

ಊಟಕ್ಕೆ ಏಳುವ ಮೊದಲು ಒಂದೇ ಬಿನ್ನಹ. ನಿಮ್ಮ ಹೆಸರಿನ ಕೆಳಗೆ ಯಾರದಾದರೂ ಕೆಲಸ ಅಡಗಿ ಕೂತಿದ್ದರೆ, ಸೋಮವಾರ ಆಫೀಸಿಗೆ ಹೋದಾಗ ಅದನ್ನು ಅವರಿಗೆ ಹಿಂದಿರುಗಿಸಿ.