ಫಿಶ್ ಟ್ಯಾಂಕಿನ ಹಾವಸಿ ನಮ್ಮ ಬೋರಿನ ಗುಟ್ಟು ಹೇಳಿತು

ಇವತ್ತು ನಾನು ಮಾತಾಡೋದು ಹಾವಸಿ ಬಗ್ಗೆ. ಬೆಂಗಳೂರು ಕಡೆಯವರು ಪಾಚಿ ಅಂತಾರೆ. ಬಾವಿ ಮೆಟ್ಟಿಲ ಮೇಲೆ ಕಾಲಿಟ್ಟರೆ ಜರ್ ಅಂತ ಜಾರಿಸುತ್ತಲ್ಲ, ಅದೇ. ಆದರೆ ಇದು ಬಾವಿಯ ಹಾವಸಿ ಅಲ್ಲ, ನಮ್ಮ ಪಡಸಾಲೆಯ ಫಿಶ್ ಟ್ಯಾಂಕಿನದು.

ನಮ್ಮದು ರಾಯಬಾಗ ತಾಲ್ಲೂಕಿನ ಒಂದು ಹಳ್ಳಿ. ನಾಲ್ಕು ಎಕರೆ ಕಬ್ಬು, ಎರಡು ಎಮ್ಮೆ. ನಾನು ಚಿಕ್ಕೋಡಿಯಲ್ಲಿ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡ್ತೀನಿ. ಕಳೆದ ವರ್ಷ ರೀಲ್ಸ್ ನೋಡಿ ನೋಡಿ ಒಂದು ಹುಚ್ಚು ಹಿಡೀತು: ಸಮುದ್ರದ ಮೀನು ಸಾಕಬೇಕು. ಕಿತ್ತಳೆ ಬಣ್ಣದ ಮೈ, ಬಿಳಿ ಪಟ್ಟೆ, ಸಿನಿಮಾದ ನೀಮೋ. ಕೊಲ್ಹಾಪುರದಿಂದ ಮೂರು ಅಡಿ ಟ್ಯಾಂಕ್ ತಂದೆ. ಸಮುದ್ರದ ಉಪ್ಪು ಆನ್‌ಲೈನ್‌ನಲ್ಲಿ ಬಂತು. ಒಂದು ಲೀಟರ್ ನೀರಿಗೆ ಸುಮಾರು 35 ಗ್ರಾಂ ಉಪ್ಪು ಬೇಕು. 150 ಲೀಟರ್‌ಗೆ ಹೆಚ್ಚೂಕಡಿಮೆ ಐದೂಕಾಲು ಕಿಲೋ.

ನಾನು ಬಕೆಟ್‌ನಲ್ಲಿ ಉಪ್ಪು ಕಲಿಸುತ್ತಿದ್ದಾಗ ಅವ್ವ ನಿಂತು ನೋಡಿದಳು. "ನಮ್ಮ ಬೋರಿನ ನೀರ ಮೊದಲ ಸವಳ ಐತಿ. ಅದಕ್ಕ ಮತ್ತ ಉಪ್ಪ ಹಾಕ್ತಿಯಲ್ಲೋ, ತಲಿ ಕೆಟ್ಟೈತೇನ ನಿಂದು?" ಅಂದಳು. ನಾನು ನಕ್ಕೆ. ಆಕೆಯ ಮಾತನ್ನ ಅವತ್ತೇ ಸರಿಯಾಗಿ ಕೇಳಿದ್ದರೆ ಮೂರು ತಿಂಗಳು ಉಳೀತಿತ್ತು.

ಮೊದಲ ತಿಂಗಳು ಕಲ್ಲಿನ ಮೇಲೆ ಕಂದು ಬಣ್ಣದ ಧೂಳಿನಂಥದ್ದು ಕೂತಿತು. ಅದು ಡಯಾಟಮ್. ಹೊಸ ಟ್ಯಾಂಕಿನಲ್ಲಿ ಬರೋದೇ, ತಾನಾಗಿಯೇ ಹೋಗುತ್ತೆ. ಹೋಯ್ತು ಕೂಡ. ಆಮೇಲೆ ಬಂತು ನೋಡ್ರಿ ಹಸಿರು ಕೂದಲು. ಕಲ್ಲಿನ ಮೇಲೆ, ಪಂಪಿನ ಮೇಲೆ, ಗಾಜಿನ ಮೇಲೆ, ಬೆರಳುದ್ದದ ಕೂದಲು. ಟೂತ್‌ಬ್ರಷ್ ತಗೊಂಡು ಉಜ್ಜಿದೆ, ವಾರದಲ್ಲಿ ಮತ್ತೆ ಬಂತು. ಮೂರು ದಿನ ಲೈಟ್ ಆರಿಸಿ ಟ್ಯಾಂಕಿಗೆ ಚಾದರ ಹೊದಿಸಿದೆ. ಕಡಿಮೆ ಆಯ್ತು, ಲೈಟ್ ಹಾಕಿದ ಮೇಲೆ ಮತ್ತೆ ಬಂತು. ಯಾರೋ ಹೇಳಿದರು ಅಂತ ಒಂದು ಔಷಧಿ ಹಾಕಿದೆ. ಅದರಲ್ಲಿ ತಾಮ್ರ ಇತ್ತು. ಬಸವನಹುಳುವಿನಂಥ ಜೀವಿಗಳಿಗೆ ತಾಮ್ರ ವಿಷ. ಹಾವಸಿ ತಿನ್ನಲಿ ಅಂತ ತಂದಿದ್ದ ನಾಲ್ಕು ಹುಳು ಎರಡೇ ದಿನದಲ್ಲಿ ಸತ್ತವು, ಹಾವಸಿ ಹಂಗೇ ಉಳೀತು. ಲೇಬಲ್ ಓದದೇ ಹಾಕಿದ್ದು ನಂದೇ ತಪ್ಪು.

ಆಗ ಎಲ್ಲರೂ ಹೇಳಿದ್ದು ಒಂದೇ: ನೀರು ಬದಲಿಸು. ವಾರಕ್ಕೊಮ್ಮೆ ಬದಲಿಸುತ್ತಿದ್ದೆ, ಎರಡು ಸಲ ಮಾಡಿದೆ. ಹಾವಸಿ ಇನ್ನೂ ಜೋರಾಯ್ತು.

ಇಲ್ಲಿ ನನಗೆ ತಲೆ ಓಡಿತು. ಮೊಬೈಲ್ ರಿಪೇರಿಯಲ್ಲೂ ಹಿಂಗೇ. ಚಾರ್ಜರ್ ಹಾಕಿದಾಗಲೆಲ್ಲ ಫೋನ್ ಬಿಸಿಯಾದರೆ ಫೋನ್ ಒಂದನ್ನೇ ನೋಡಬಾರದು, ಚಾರ್ಜರ್ ಕೂಡ ನೋಡಬೇಕು. ಹೊಸ ನೀರು ಹಾಕಿದಷ್ಟು ಹಾವಸಿ ಬೆಳೀತಿದೆ ಅಂದ್ರೆ ಅದಕ್ಕೆ ಊಟ ಹೊಸ ನೀರಿನಿಂದಲೇ ಬರ್ತಿದೆ. ಹಾವಸಿ ಒಂದು ಬೆಳೆ. ಕಬ್ಬಿಗೆ ಬೇಕಾದ್ದೇ ಅದಕ್ಕೂ ಬೇಕು: ಬೆಳಕು, ಸಾರಜನಕ, ರಂಜಕ. ಸಾರಜನಕ ನೀರಿನಲ್ಲಿ ನೈಟ್ರೇಟ್ ಆಗಿ ಇರುತ್ತೆ, ರಂಜಕ ಫಾಸ್ಫೇಟ್ ಆಗಿ.

ನಾನು ಟ್ಯಾಂಕಿಗೆ ಹಾಕ್ತಿದ್ದದ್ದು ಮನೆಯ ಆರ್‌ಒ ಮಷಿನ್ ನೀರು. "ಆರ್‌ಒ ನೀರು ಅಂದ್ರೆ ಶುದ್ಧ ನೀರು" ಅನ್ನೋ ನಂಬಿಕೆ. ಟಿಡಿಎಸ್ ಮೀಟರ್ ಅದ್ದಿದೆ. ಬೋರಿನ ನೀರು 1,400 ತೋರಿಸಿತು, ಆರ್‌ಒ ನೀರು 90. ಸಮುದ್ರದ ಟ್ಯಾಂಕಿಗೆ ಉಪ್ಪು ಕಲಿಸೋ ಮೊದಲು ಅದು ಸೊನ್ನೆ ಇರಬೇಕು. ಮಷಿನ್ ಬಿಚ್ಚಿದರೆ ಒಳಗೆ ಸಣ್ಣ ಸ್ಕ್ರೂ. ಅದನ್ನ ಟಿಡಿಎಸ್ ಕಂಟ್ರೋಲರ್ ಅಂತಾರೆ. ರುಚಿ ಬರಲಿ ಅಂತ ಮೆಂಬ್ರೇನ್ ದಾಟದ ನೀರನ್ನ ಸ್ವಲ್ಪ ಅದು ವಾಪಸ್ ಬೆರೆಸುತ್ತೆ. ಅದೂ ಅಲ್ಲದೆ ಬೇರೆ ಲವಣಗಳಿಗೆ ಹೋಲಿಸಿದರೆ ನೈಟ್ರೇಟನ್ನ ಆರ್‌ಒ ಮೆಂಬ್ರೇನ್ ಅಷ್ಟು ಚೆನ್ನಾಗಿ ತಡೆಯೋದಿಲ್ಲ.

ನೈಟ್ರೇಟ್ ಟೆಸ್ಟ್ ಕಿಟ್ ತರಿಸಿದೆ. ನೀರಿಗೆ ಹನಿ ಹಾಕಿ, ಅಲುಗಾಡಿಸಿ, ಐದು ನಿಮಿಷ ಕಾಯೋದು. ಬಣ್ಣ ಹಳದಿ ಇದ್ದರೆ ಕಡಿಮೆ, ಕೆಂಪಾದಷ್ಟು ಜಾಸ್ತಿ. ಆರ್‌ಒ ನೀರು ಕಿತ್ತಳೆ ಬಣ್ಣಕ್ಕೆ ಬಂತು, ಹತ್ತಿರ ಹತ್ತಿರ 20. ಬೋರಿನ ನೀರು ಕುಂಕುಮದಂಗೆ ಕೆಂಪಾಯ್ತು. ಚಾರ್ಟಿಗೆ ಹಿಡಿದು ನೋಡಿದರೆ 80.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ನೈಟ್ರೇಟ್ ಒಂದು ಲೀಟರ್‌ಗೆ 45 ಮಿಲಿಗ್ರಾಂ ಮೀರಬಾರದು. ನಾನು ಮೀನಿನ ಲೆಕ್ಕ ಮಾಡ್ತಾ ಕೂತಿದ್ದೆ. ಆಗ ಒಳಗಿಂದ ಕೂಸು ಅತ್ತ ಸದ್ದು ಕೇಳಿತು.

ಅಕ್ಕ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಕೂಸಿಗೆ ಎರಡು ತಿಂಗಳು. ಎದೆಹಾಲು ಸಾಕಾಗ್ತಿಲ್ಲ ಅಂತ ಡಾಕ್ಟರ್ ಜೊತೆಗೆ ಪುಡಿ ಹಾಲು ಬರೆದಿದ್ದರು. ಅವ್ವನಿಗೆ ಮಷಿನ್ ನೀರಿನ ಮೇಲೆ ನಂಬಿಕೆ ಇಲ್ಲ. ಬೋರಿನ ನೀರನ್ನ ಚೆನ್ನಾಗಿ ಕುದಿಸಿ, ಆರಿಸಿ, ಅದರಲ್ಲೇ ಪುಡಿ ಕಲಿಸ್ತಿದ್ದಳು. ಆಕೆ ಮಾಡಿದ್ದು ಪ್ರೀತಿಯಿಂದಲೇ. ಕುದಿಸಿದರೆ ರೋಗಾಣು ಸಾಯುತ್ತವೆ, ಅದು ನಿಜ. ಆದರೆ ನೈಟ್ರೇಟ್ ಕುದಿಸಿದರೆ ಹೋಗೋದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಗಟ್ಟಿಯಾಗುತ್ತೆ.

ಸಣ್ಣ ಕೂಸುಗಳಿಗೆ, ಅದರಲ್ಲೂ ಆರು ತಿಂಗಳ ಒಳಗಿನವರಿಗೆ ಇದು ಅಪಾಯ. ಹೊಟ್ಟೆಗೆ ಹೋದ ನೈಟ್ರೇಟ್ ನೈಟ್ರೈಟ್ ಆಗಿ, ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಕಡಿಮೆ ಮಾಡುತ್ತೆ. ಕೂಸಿನ ತುಟಿ, ಉಗುರು ನೀಲಿಯಾಗುತ್ತವೆ. ಅದಕ್ಕೇ ಇದನ್ನ ಬ್ಲೂ ಬೇಬಿ ಸಿಂಡ್ರೋಮ್ ಅಂತಾರೆ.

ನಮ್ಮ ಕೂಸಿಗೆ ಏನೂ ಆಗಿರಲಿಲ್ಲ, ದೇವರ ದಯೆ. ಆದರೂ ಅವತ್ತೇ ಡಾಕ್ಟರಿಗೆ ತೋರಿಸಿದ್ವಿ. ನೀರು ಬದಲಿಸಿ ಅಂದರು. ಊರಿನ ಶುದ್ಧ ನೀರಿನ ಘಟಕದ ನೀರನ್ನೂ ಅದೇ ಕಿಟ್‌ನಲ್ಲಿ ನೋಡಿದೆ, 10ಕ್ಕಿಂತ ಕಡಿಮೆ ಇತ್ತು. ಅದನ್ನೇ ತಂದು ಕುದಿಸಿ ಕೊಡೋಕೆ ಶುರು ಮಾಡಿದ್ವಿ. ಅವ್ವ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ತಾನೇ ಕೊಡ ತಗೊಂಡು ಘಟಕಕ್ಕೆ ಹೋದಳು.

ಮನೆಯ ಕಿಟ್ ಅಂದಾಜಷ್ಟೇ ಹೇಳುತ್ತೆ ಅಂತ ಬೋರಿನ ನೀರನ್ನ ಸರ್ಕಾರಿ ಕುಡಿಯುವ ನೀರಿನ ಪ್ರಯೋಗಾಲಯಕ್ಕೂ ಕೊಟ್ಟೆ. ವರದಿಯಲ್ಲಿ 72 ಬಂತು. ನಮ್ಮದೊಂದೇ ಬೋರಿನ ಕಥೆ ಅಂದ್ಕೋಬೇಡಿ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವಾರ್ಷಿಕ ವರದಿ ನೋಡ್ರಿ. ಕರ್ನಾಟಕದಲ್ಲಿ ಪರೀಕ್ಷಿಸಿದ ಮಾದರಿಗಳಲ್ಲಿ ಅರ್ಧಕ್ಕೆ ಹತ್ತಿರದಷ್ಟು 45ರ ಗೆರೆ ದಾಟಿವೆ.

ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ. ಯೂರಿಯಾದಲ್ಲಿ 46 ಪರ್ಸೆಂಟ್ ಸಾರಜನಕ. 45 ಕಿಲೋ ಚೀಲದಲ್ಲಿ ಇಪ್ಪತ್ತು ಕಿಲೋಗಿಂತ ಜಾಸ್ತಿ. ಬೆಳೆಗೆ ದಕ್ಕೋದು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ. ಉಳಿದದ್ದರಲ್ಲಿ ಒಂದಿಷ್ಟು ಗಾಳಿಗೆ, ಒಂದಿಷ್ಟು ನೀರಿನ ಜೊತೆ ಕೆಳಗೆ. ಅಪ್ಪನ ಮುಖ ಬಿಗಿಯಾಯ್ತು. "ಅಂದ್ರ ಕೂಸಿಗೆ ವಿಷ ಹಾಕಿದವ ನಾ ಅಂತೀ ಏನು?" ಅಂದರು.

ನನಗೆ ತುತ್ತು ಇಳೀಲಿಲ್ಲ. ಹಂಗಲ್ಲ ಅಪ್ಪಾ ಅಂದೆ. ನಿಜ ಹೇಳಬೇಕಂದ್ರೆ ಗೊಬ್ಬರ ಒಂದೇ ಕಾರಣ ಅನ್ನೋ ಹಂಗೂ ಇಲ್ಲ. ನಮ್ಮ ಬೋರಿನ ಒಂದು ಕಡೆ ತಿಪ್ಪೆ, ಇನ್ನೊಂದು ಕಡೆ ಶೌಚಾಲಯದ ಗುಂಡಿ. ಮೂರೂ ಸೇರಿ ಅದೇ ನೀರಿಗೆ ಇಳೀತಿವೆ. ಅದನ್ನೂ ಹೇಳಿದೆ. ಅಪ್ಪ ಕೈ ತೊಳೆದು ಎದ್ದು ಹೋದರು.

ಈಗ ಟ್ಯಾಂಕಿನ ವಿಷಯಕ್ಕೆ ಬರೋಣ. ನಿಮ್ಮ ಮನೆಯಲ್ಲೂ ಹಾವಸಿ ಕಾಟ ಇದ್ದರೆ ನಾನು ಮಾಡಿದ್ದು ಇಷ್ಟು. ಆರ್‌ಒ ಆದ ಮೇಲೆ ಡಿಐ ರೆಸಿನ್ ಫಿಲ್ಟರ್ ಜೋಡಿಸಿದೆ, ಟಿಡಿಎಸ್ ಸೊನ್ನೆ ಬಂತು. ಅದು ಟ್ಯಾಂಕಿಗೆ ಮಾತ್ರ, ಕುಡಿಯೋಕಲ್ಲ. ಮೀನಿನ ಆಹಾರ ದಿನಕ್ಕೆ ಮೂರು ಸಲದಿಂದ ಒಂದು ಸಲಕ್ಕೆ ಇಳಿಸಿದೆ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ. ಉಳಿದ ಆಹಾರ ಕೊಳೆತರೆ ಅದರಿಂದಲೇ ಫಾಸ್ಫೇಟ್ ಬರೋದು. ಲೈಟ್ ದಿನಕ್ಕೆ ಎಂಟು ಗಂಟೆ. ಕೂದಲು ಹಾವಸಿಯನ್ನ ಕೈಯಿಂದಲೇ ಕಿತ್ತು ಹೊರಗೆ ಹಾಕಿದೆ. ನೀರೊಳಗೇ ಉಜ್ಜಿ ಬಿಟ್ಟರೆ ತುಂಡುಗಳು ಮತ್ತೆ ಅಲ್ಲೇ ಬೆಳೀತವೆ. ತಾಮ್ರ ಹೋಗಲಿ ಅಂತ ಕಾರ್ಬನ್ ಹಾಕಿ, ನೀರು ಬದಲಿಸಿ, ಟೆಸ್ಟ್‌ನಲ್ಲಿ ತಾಮ್ರ ಕಾಣದಾದ ಮೇಲೆ ಹೊಸ ಹುಳು ಬಿಟ್ಟೆ. ಇನ್ನೊಂದು ಮಾತು: ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಪೂರ್ತಿ ಸೊನ್ನೆ ಮಾಡೋಕೆ ಹೋಗಬೇಡಿ. ಆಗ ಡೈನೋಫ್ಲಾಜೆಲೇಟ್ ಅನ್ನೋ ಇನ್ನೂ ಕೆಟ್ಟ ಕಂದು ಲೋಳೆ ಬರೋ ಸಾಧ್ಯತೆ ಇದೆ. ನನ್ನ ಟ್ಯಾಂಕ್ ಹದಕ್ಕೆ ಬರೋಕೆ ಎರಡೂವರೆ ತಿಂಗಳು ಹಿಡೀತು.

ಬೋರಿಗೆ ಇಷ್ಟು ಬೇಗ ಆಗೋದಿಲ್ಲ. ಅದರ ನೀರನ್ನ ಬಕೆಟ್‌ನಲ್ಲಿ ಬದಲಿಸೋಕೆ ಬರೋದಿಲ್ಲವಲ್ಲ. ತಿಪ್ಪೆಯನ್ನ ದೂರ ಸರಿಸಿದ್ದೀವಿ. ಗುಂಡಿ ಕೆಲಸ ಬಾಕಿ ಇದೆ. ಅಪ್ಪ ಒಂದು ವಾರ ಈ ಮಾತೇ ತೆಗೀಲಿಲ್ಲ. ಆಮೇಲೆ ಒಂದು ದಿನ ಬೆಳಿಗ್ಗೆ ಹಳೇ ಬಾಟಲಿಯಲ್ಲಿ ನೀರು ತಂದು ನನ್ನ ಮುಂದೆ ಇಟ್ಟರು. "ಹೊಲದ ಬಾಂವಿದು. ನಿನ್ನ ಹನಿ ಹಾಕಿ ನೋಡು" ಅಂದರು. ಇಬ್ಬರೂ ಐದು ನಿಮಿಷ ಮಾತಿಲ್ಲದೆ ಕೂತು ನೋಡಿದ್ವಿ. ಅದೂ ಕೆಂಪಾಯ್ತು.

ಈ ಸಲ ಅಪ್ಪ ಮಣ್ಣು ಪರೀಕ್ಷೆ ಮಾಡಿಸಿದ್ದಾರೆ. ಯೂರಿಯಾ ಒಂದೇ ಸಲ ಸುರಿಯೋದು ಬಿಟ್ಟು ನಾಲ್ಕು ಕಂತಿನಲ್ಲಿ ಕೊಡ್ತಿದ್ದಾರೆ. ಬಾಜೂ ಹೊಲದ ಕಾಕಾನೂ ಒಂದು ಬಾಟಲಿ ಕಳಿಸಿದ್ದರು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಎಲ್ಲೇ ಇರಿ. ಮನೆಯಲ್ಲಿ ಬೋರ್ ಇದ್ದು, ಬಸುರಿ ಬಾಣಂತಿ, ಸಣ್ಣ ಕೂಸು ಇದ್ದರೆ ಈ ವಾರ ಒಂದು ಕೆಲಸ ಮಾಡ್ರಿ. ಒಂದು ಬಾಟಲಿ ನೀರು ಪರೀಕ್ಷೆಗೆ ಕೊಡ್ರಿ. ನೈಟ್ರೇಟ್ ಎಷ್ಟು ಅಂತ ಬಾಯಿಬಿಟ್ಟು ಕೇಳ್ರಿ. ಟಿಡಿಎಸ್ ಮೀಟರ್ ಅದನ್ನ ಹೇಳೋದಿಲ್ಲ, ನಾಲಿಗೆಗೂ ಅದು ಗೊತ್ತಾಗೋದಿಲ್ಲ. ಬಂದ ಅಂಕಿಯನ್ನ ನಮಗೂ ಕಳಿಸ್ರಿ. ಮುಂದಿನ ಕಂತಿನಲ್ಲಿ ಸಿಗೋಣ. ಬರ್ತೀನ್ರಿ.