ಕುಂಡಿನಪುರದ ಅಜ್ಜಿ

(ಹಿಂಗಣಾದ ಕನ್ನಡ ಮನೆತನಗಳ ಗತಿಸಿದ ಹಿರಿಯ ಮಾತೆಯರ ಸ್ಮರಣಾರ್ಥ ನೀಡಿದ ಉಪನ್ಯಾಸದ ಪಾಠ)

॥ ಶ್ರೀ ಗುರುಭ್ಯೋ ನಮಃ ॥ ಹರಿಃ ಓಂ ॥



ಮನೆಯ ಹಿರಿಯ ತಾಯಿ ಹರಿಪಾದವನ್ನು ಸೇರಿದ ಮೇಲೆ ಮಕ್ಕಳು ಮೊಮ್ಮಕ್ಕಳು ಆಕೆಯ ಜೀವನವನ್ನು ಬರೆದಿಡಲು ಕುಳಿತರೆ ಒಂದು ತೊಡಕು ಎದುರಾಗುತ್ತದೆ. ತಂದೆಯ ವಿಷಯದಲ್ಲಿ ನೌಕರಿಗೆ ಸೇರಿದ ದಿನ, ವರ್ಗವಾದ ಊರು, ನಿವೃತ್ತಿಯ ವರ್ಷ ಎಲ್ಲವೂ ಕಾಗದಗಳಲ್ಲಿ ದೊರೆಯುತ್ತವೆ. ತಾಯಿಯ ವಿಷಯದಲ್ಲಿ ದೊರೆಯುವುದು ಒಂದು ಲಗ್ನಪತ್ರಿಕೆ, ಒಂದು ರೇಷನ್ ಕಾರ್ಡು. ಉಳಿದುದೆಲ್ಲ ಕೈರುಚಿಯಲ್ಲಿ, ಹಿಡಿದ ವ್ರತಗಳಲ್ಲಿ, ಹಾಡುತ್ತಿದ್ದ ಹಾಡುಗಳಲ್ಲಿ ಅಡಗಿರುತ್ತದೆ. ಆದುದರಿಂದ ವಿದರ್ಭದಲ್ಲಿ ನೆಲೆಸಿದ ಕುಟುಂಬಗಳು ತಮ್ಮ ತಾಯಂದಿರನ್ನು ಸ್ಮರಿಸಲು ಅಂಥ ಒಂದು ಹಾಡಿನಿಂದಲೇ ಆರಂಭಿಸುವುದು ಯುಕ್ತ. ಅದು ಹರಪನಹಳ್ಳಿ ಭೀಮವ್ವನವರ ನಳಚರಿತ್ರೆ.

ನಳನ ಕಥೆ ವನಪರ್ವದಲ್ಲಿದೆ. ರಾಜ್ಯವನ್ನು ಕಳೆದುಕೊಂಡು ಕಾಡಿನಲ್ಲಿ ಕೊರಗುತ್ತಿದ್ದ ಧರ್ಮರಾಜನಿಗೆ ಬೃಹದಶ್ವ ಮುನಿಗಳು ಇದನ್ನು ಹೇಳುತ್ತಾರೆ. ದಮಯಂತಿ ವಿದರ್ಭದ ಭೀಮರಾಜನ ಮಗಳು. ಅವಳ ತವರು ಕುಂಡಿನಪುರ; ರುಕ್ಮಿಣೀದೇವಿಯ ತವರೂ ಅದೇ. ಅಮರಾವತಿ ಜಿಲ್ಲೆಯಲ್ಲಿ ವರ್ಧಾ ನದಿಯ ದಂಡೆಯ ಮೇಲಿರುವ ಕೌಂಡಣ್ಯಪುರವೇ ಆ ಊರೆಂದು ಪರಂಪರೆ ನಂಬಿಕೊಂಡು ಬಂದಿದೆ.

ಈ ಕಥೆಯಲ್ಲಿ ಸಾಮಾನ್ಯವಾಗಿ ಯಾರ ಗಮನಕ್ಕೂ ಬಾರದ ಒಂದು ಪಾತ್ರವಿದೆ. ಪತಿಯು ಜೂಜಿನಲ್ಲಿ ಸೋಲುತ್ತಿರುವುದನ್ನು ಕಂಡ ದಮಯಂತಿ, ಸರ್ವಸ್ವವೂ ಹೋಗುವ ಮೊದಲೇ ಸಾರಥಿಯಾದ ವಾರ್ಷ್ಣೇಯನನ್ನು ಕರೆಸಿ, ಎಳೆಯ ಮಗನನ್ನೂ ಮಗಳನ್ನೂ ರಥದಲ್ಲಿ ಕೂರಿಸಿ ತವರಿಗೆ ಕಳುಹಿಸಿಬಿಟ್ಟಳು. ಆಮೇಲೆ ಕಾಡು, ಅರ್ಧ ಸೀರೆ, ಹೆಬ್ಬಾವು, ಚೇದಿಯ ಅರಮನೆಯ ಊಳಿಗ ಎಂದು ಕೇಳುವವರ ಮನಸ್ಸು ದಮಯಂತಿಯ ಹಿಂದೆಯೇ ಓಡುತ್ತದೆ. ನಳನು ಪತ್ನಿಯನ್ನು ಮರಳಿ ಸೇರಿದ್ದು ನಾಲ್ಕನೆಯ ವರ್ಷದಲ್ಲಿ. ಅಷ್ಟು ಕಾಲ ತಂದೆಯಿಲ್ಲದ ಆ ಎರಡು ಮಕ್ಕಳಿಗೆ ಆಸರೆಯಾಗಿದ್ದುದು ಅಜ್ಜಿಯ ಮನೆ. ಉಪಾಖ್ಯಾನ ಆ ಅಜ್ಜಿಯನ್ನು ಭೀಮರಾಜನ ಮಹಿಷಿ ಎಂದಷ್ಟೇ ಕರೆದು, ಹೆಸರು ಹೇಳದೆ ಮುಂದೆ ಸಾಗುತ್ತದೆ.

ಆದರೆ ಕಥೆ ತಿರುಗುವ ಕಡೆಯಲ್ಲೆಲ್ಲ ಆಕೆ ಇದ್ದಾಳೆ. ಮನೆಗೆ ಬಂದ ಮಗಳು, ತಾನು ಬದುಕಬೇಕಾದರೆ ನಳನನ್ನು ಹುಡುಕಿಸಬೇಕೆಂದು ಹೇಳಿಕೊಂಡದ್ದು ತಾಯಿಯ ಬಳಿ. ಆ ಮಾತು ಕೇಳಿ ತಾಯಿಗೆ ಉತ್ತರ ಕೊಡಲಾಗಲಿಲ್ಲ, ಕಣ್ಣೀರೇ ಬಂದಿತು. ಅನಂತರ ರಾಜನಿಗೆ ಹೇಳಿ ನಾಲ್ಕು ದಿಕ್ಕಿಗೂ ಬ್ರಾಹ್ಮಣರನ್ನು ಕಳುಹಿಸಿದವಳೂ ಆಕೆಯೇ. ಎರಡನೆಯ ಸ್ವಯಂವರದ ಸುದ್ದಿಯನ್ನು ಅಯೋಧ್ಯೆಗೆ ಮುಟ್ಟಿಸುವ ಉಪಾಯ ತಂದೆಗೆ ತಿಳಿಯಬಾರದೆಂದು ಮಗಳು ಕೇಳಿದಾಗ ಗುಟ್ಟನ್ನು ಕಾಪಾಡಿದಳು. ಬಾಹುಕನ ವೇಷದಲ್ಲಿದ್ದವನನ್ನು ಎದುರಿಗೆ ಕರೆಸುವ ಮೊದಲೂ ದಮಯಂತಿ ತಾಯಿಯ ಅನುಮತಿ ಬೇಡಿದಳು. ನಳಪಾಕವನ್ನು ಕೊಂಡಾಡುವವರು ಬಹಳ ಮಂದಿ. ಆ ಮಕ್ಕಳಿಗೆ ವರ್ಷಗಟ್ಟಲೆ ದಿನವೂ ಉಣಿಸಿದವಳ ಪಾಕದ ಮಾತು ಎಲ್ಲಿಯೂ ಬರುವುದಿಲ್ಲ.

ಈ ಕಥೆಯನ್ನು ಹೆಂಗಸರ ಬಾಯಿಗೆ ಒಗ್ಗುವ ಕನ್ನಡ ಹಾಡಾಗಿ ಮಾಡಿಕೊಟ್ಟ ಭೀಮವ್ವನವರು ಹತ್ತೊಂಬತ್ತನೆಯ ಶತಮಾನದವರು. ಹೊಸಪೇಟೆಯ ಸಮೀಪದ ನಾರಾಯಣದೇವರಕೆರೆ ಅವರ ತವರು. ಬಾಲ್ಯದಲ್ಲಿಯೇ, ತಮಗಿಂತ ಬಹಳ ಹಿರಿಯರಾದ ಹರಪನಹಳ್ಳಿಯ ಮುನಿಯಪ್ಪನವರೊಡನೆ ವಿವಾಹ, ನಡುಹರೆಯದಲ್ಲಿ ವೈಧವ್ಯ. ಅಂದಿನ ಕಾಲದಲ್ಲಿ ಅಂಥ ಹೆಂಗಸಿಗೆ ಉಳಿಯುತ್ತಿದ್ದುದು ಹಿತ್ತಿಲ ಕೋಣೆ ಮತ್ತು ಮಡಿಯ ಅಡಿಗೆ. ಅಲ್ಲಿಂದಲೇ 'ಭೀಮೇಶಕೃಷ್ಣ' ಅಂಕಿತದ ಹಾಡುಗಳು ಹೊರಟವು. ಸುಭದ್ರಾ ಕಲ್ಯಾಣ, ನಳಚರಿತ್ರೆ, ಶ್ರಾವಣ ಶುಕ್ರವಾರದ ಹಾಡು ಇವೆಲ್ಲ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಾಯಿಂದ ಬಾಯಿಗೆ ಸಾಗಿ ಬಂದವು. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಸಿದ್ಧವಾದಾಗ ನಾರಾಯಣದೇವರಕೆರೆ ಹಿನ್ನೀರಿನಲ್ಲಿ ಮುಳುಗಿತು. ಊರಿನವರು ಮರಿಯಮ್ಮನಹಳ್ಳಿಯಲ್ಲಿ ನೆಲೆ ಕಂಡರು. ಭೀಮವ್ವನವರ ತವರಿನ ನೆಲ ನೀರಿನ ಪಾಲಾದರೂ ಹಾಡುಗಳು ಪರಸ್ಥಳದ ಅಡಿಗೆಮನೆಗಳಲ್ಲಿ ಬದುಕಿ ಉಳಿದವು.

ಹಿಂಗಣಾ ಅಂಥ ಪರಸ್ಥಳಗಳಲ್ಲಿ ಒಂದು. ಮಹಾರಾಷ್ಟ್ರ ಔದ್ಯೋಗಿಕ ವಿಕಾಸ ಮಹಾಮಂಡಳವು 1962ರಲ್ಲಿ ಸ್ಥಾಪನೆಯಾದ ಮೇಲೆ ಇಲ್ಲಿ ಬೆಳೆದ ಕಾರಖಾನೆಗಳು ದೂರದೂರದ ಜನರನ್ನು ಕರೆತಂದವು. ಮಗನ ನೌಕರಿಯ ಹಿಂದೆ ಬಂದ ತಾಯಿಗೆ ಊರು ಹೊಸದು, ಭಾಷೆ ಹೊಸದು. ಬೇಸಿಗೆಯಲ್ಲಿ ನಾಗಪುರದ 45 ಡಿಗ್ರಿಯ ಬಿಸಿಲೂ ಹೊಸದು. ಪಂಚಾಂಗ ಮಾತ್ರ ಹಳೆಯದು. ಹಿಂದೀ ಭಾಷಿಕರಾದ ನೆರೆಯವರ 'ಸಾವನ್' ಹದಿನೈದು ದಿನ ಮೊದಲೇ ಆರಂಭವಾದರೂ ಈ ತಾಯಂದಿರು ತಮ್ಮ ಶ್ರಾವಣಕ್ಕೆ ಕಾದರು. ಮರಾಠಿ ನೆರೆಯವರ ಶ್ರಾವಣ ತಮ್ಮದರೊಡನೆಯೇ ಬರುವುದೆಂದು ತಿಳಿದು ಅವರೊಡನೆ ಅರಿಸಿನ ಕುಂಕುಮದ ಬಳಕೆ ಬೆಳೆಸಿದರು. ಶಾಕವ್ರತದ ತಿಂಗಳಲ್ಲಿ ಕಾಯಿಪಲ್ಯ, ಹುಣಸೆ, ಮೆಣಸಿನಕಾಯಿ ಬಿಟ್ಟು, ಹೆಸರುಬೇಳೆಗೆ ಒಣ ಮಾವಿನಕಾಯಿಯ ಹುಳಿ ಹಾಕಿ, ಶಾಲೆಗೆ ಹೋಗುವ ಮೊಮ್ಮಕ್ಕಳಿಗೂ ರುಚಿಯಾಗುವಂತೆ ಅಡಿಗೆ ಮಾಡಿ ಬಡಿಸಿದರು. ಮಗ ಸೊಸೆಯರಿಬ್ಬರೂ ದುಡಿಯುವ ಮನೆಯಲ್ಲಿ ಕೂಸುಗಳು ಬೆಳೆದದ್ದು ಇವರ ತೊಡೆಯ ಮೇಲೆ. ತಾವು ಹಾಡುತ್ತಿರುವ ದಮಯಂತಿಯ ತವರಿಗೇ ಬಂದು ಸೇರಿದ್ದೇವೆಂಬುದು ಇವರಲ್ಲಿ ಎಷ್ಟು ಜನರ ಅರಿವಿಗೆ ಬಂದಿತ್ತೋ ಶ್ರೀಹರಿಯೇ ಬಲ್ಲ.

ಈಗಿನ ಹಿಂಗಣಾ ರಸ್ತೆ ಬೇರೆ. 2020ರ ಜನವರಿಯಿಂದ ಲೋಕಮಾನ್ಯ ನಗರದವರೆಗೆ ಮೆಟ್ರೋ ಬಂದಿದೆ. ಮೊಮ್ಮಕ್ಕಳು ಮರಾಠಿ, ಹಿಂದಿ, ಇಂಗ್ಲಿಷುಗಳಲ್ಲಿ ಓದಿದವರು. ಮನೆಯಲ್ಲಿ ಕನ್ನಡ ಆಡಿದರೂ ಕನ್ನಡ ಅಕ್ಷರವನ್ನು ಬಲ್ಲವರು ಕಡಿಮೆ. ಅಜ್ಜಿಯ ಹಾಡಿನ ವಹಿ ದೇವರ ಗೂಡಿನಲ್ಲಿದೆ, ತೆರೆದರೆ ಓದಲಾಗದು. ಕೆಲವರು ಹಾಡುಗಳನ್ನು ದೇವನಾಗರಿಯಲ್ಲಿ ಬರೆದುಕೊಳ್ಳುತ್ತಾರೆ. ಅದು ತಪ್ಪಲ್ಲ. ಮರಾಠಿಯಲ್ಲಿ ಳಕಾರವಿರುವುದರಿಂದ ನಳನು ನಳನಾಗಿಯೇ ಉಳಿಯುತ್ತಾನೆ. ತೊಂದರೆ ಬರುವುದು ಹ್ರಸ್ವ ಎಕಾರ, ಒಕಾರಗಳಲ್ಲಿ. ರೂಢಿಯ ದೇವನಾಗರಿಯಲ್ಲಿ ಅವಕ್ಕೆ ಬೇರೆ ಗುರುತಿಲ್ಲ. 'ಕೊಡು' ಎಂದು ಬರೆದದ್ದನ್ನು ಮಗು 'ಕೋಡು' ಎಂದು ಓದುತ್ತದೆ. ಮಹಾಲಕ್ಷ್ಮಿಯ ಮುಂದೆ ನಿಂತು ವರವನ್ನು ಬೇಡುವ ಬದಲು ಕೊಂಬನ್ನು ಬೇಡಿದಂತಾಗುತ್ತದೆ. ಅಜ್ಜಿ ಇದ್ದಾಗ ಒಳಗಿನಿಂದಲೇ "ಕೋಡು ಅಲ್ಲ ಪುಟ್ಟೀ, ಕೊಡು" ಎಂಬ ತಿದ್ದುಪಡಿ ಬರುತ್ತಿತ್ತು. ಅಜ್ಜಿ ಹೋದ ಮನೆಯಲ್ಲಿ ಮಗು ಓದಿದ್ದೇ ಪಾಠವಾಗುತ್ತದೆ.

ಎಂಬತ್ತು ದಾಟಿದ ಮಾತೆಯರು ಇನ್ನೂ ಇರುವ ಮನೆಗಳವರು ಇದನ್ನು ಗಮನಿಸಬೇಕು. ಮೊಬೈಲಿನಲ್ಲಿ ಧ್ವನಿಯನ್ನು ಹಿಡಿದಿಡುವುದು ಸುಲಭ, ಅದನ್ನು ಮಾಡಲೇಬೇಕು. ಆದರೆ ಬರೆಯುವ ಕೆಲಸವನ್ನು ಆಕೆಯ ಪಕ್ಕದಲ್ಲಿ ಕುಳಿತೇ ಮಾಡಬೇಕು. ಆಕೆ ಒಂದೊಂದು ಸಾಲು ಹೇಳಲಿ, ಮೊಮ್ಮಗಳು ತನಗೆ ಬರುವ ಲಿಪಿಯಲ್ಲಿಯೇ ಬರೆಯಲಿ. ಹ್ರಸ್ವ ಬಂದ ಕಡೆ ಅಕ್ಷರದ ಮೇಲೆ ಕೆಂಪು ಶಾಯಿಯ ಒಂದು ಚುಕ್ಕೆ ಇಟ್ಟುಕೊಂಡರೆ ಸಾಕು. ನಳಚರಿತ್ರೆ ಉದ್ದವಾದುದರಿಂದ ಒಂದೇ ದಿನಕ್ಕೆ ಮುಗಿಯುವುದಿಲ್ಲ. ನಡುನಡುವೆ ಆಕೆ ಹಾಡನ್ನು ನಿಲ್ಲಿಸಿ, ಅದನ್ನು ತನಗೆ ಕಲಿಸಿದವರು ಯಾರು, ಆಗ ತಾನು ಯಾವ ಊರಿನಲ್ಲಿದ್ದೆ, ಎಷ್ಟು ವರ್ಷದವಳಿದ್ದೆ ಎಂದು ಹೇಳತೊಡಗುತ್ತಾಳೆ. ಅದನ್ನೂ ಅದೇ ಪುಟದ ಅಂಚಿನಲ್ಲಿ ಆಕೆಯ ಹೆಸರಿನೊಡನೆ ಬರೆದುಕೊಳ್ಳಬೇಕು.

॥ ಶ್ರೀಕೃಷ್ಣಾರ್ಪಣಮಸ್ತು ॥