ಗಿರವಿಗೆ ಹೋದ ಹಂಡೆ

ನಾನಿರುವುದು ವಡೋದರಾ ನಗರದ ಗೋರ್ವಾದಲ್ಲಿ. ಗಿರವಿ ಎಂಬ ಮಾತು ಇಲ್ಲಿನ ಗುಜರಾತಿಯಲ್ಲೂ ಉಂಟು. ಅದು ಕಿವಿಗೆ ಬಿದ್ದಾಗಲೆಲ್ಲ ನನಗೆ ದಾವಣಗೆರೆಯ ನಮ್ಮ ಮನೆಯ ತಾಮ್ರದ ಹಂಡೆ ನೆನಪಾಗುತ್ತದೆ.

ಅಪ್ಪನ ಕಾಲೇಜಿನ ಫೀಸಿಗೆಂದು ಅಜ್ಜಿ ಆ ಹಂಡೆಯನ್ನು ಗಿರವಿ ಇಟ್ಟರು. ಅದರ ಕಂಠದ ಮೇಲೆ ಚುಕ್ಕೆ ಚುಕ್ಕೆಯಾಗಿ ಅಜ್ಜಿಯ ಹೆಸರು ಕೆತ್ತಿತ್ತು, ತವರಿನಿಂದ ಬಂದದ್ದು. ಅಂಗಡಿಯವರು ಹೆಸರು ನೋಡಲಿಲ್ಲ, ತೂಕ ನೋಡಿದರು. ಅವರದೇನೂ ತಪ್ಪಿಲ್ಲ, ಆ ವ್ಯಾಪಾರವೇ ಹಾಗೆ. ಗಡುವಿನೊಳಗೆ ಅಸಲು, ಬಡ್ಡಿ ಕಟ್ಟಿದರೆ ಬಿಡಿಸಿಕೊಳ್ಳಬಹುದು, ಇಲ್ಲವಾದರೆ ಒಡವೆಯಾಗಲಿ ಪಾತ್ರೆಯಾಗಲಿ ಹರಾಜಿಗೆ ಹೋಗುತ್ತದೆ. ನಮ್ಮ ಹಂಡೆ ಮರಳಿ ಬರಲಿಲ್ಲ.

ಹಾಗೆ ಹೋದ ಪಾತ್ರೆಗಳೆಲ್ಲ ಎಲ್ಲಿ ಸೇರುತ್ತವೆ? ಬಹುಪಾಲು ಕುಲುಮೆಗೆ. ಸ್ಟೀಲು, ಅಲ್ಯುಮಿನಿಯಂ ಬಂದ ಮೇಲಂತೂ ಗಿರವಿಯ ಅವಸರವೂ ಇಲ್ಲದೆ, ಕಲಾಯಿ ಹಾಕಿಸುವ ಗೋಜು ಬೇಡವೆಂದು, ಜನ ಹಿತ್ತಾಳೆ ಕೊಟ್ಟು ಸ್ಟೀಲು ಕೊಂಡರು.

ಆದರೆ ಕುಲುಮೆಯ ಬಾಯಿಂದ ಉಳಿದ ಪಾತ್ರೆಗಳನ್ನು ನಾನು ಅಹಮದಾಬಾದಿನಲ್ಲಿ ನೋಡಿದೆ. ವಡೋದರಾದಿಂದ ನೂರು ಕಿಲೋಮೀಟರಿನ ಆಸುಪಾಸು. ಅಲ್ಲಿನ ವಾಸಣಾದಲ್ಲಿ 'ವಿಶಾಲಾ' ಎಂಬ ಹಳ್ಳಿ ಮಾದರಿಯ ಊಟದ ತಾಣವಿದೆ. ಅದನ್ನು ಕಟ್ಟಿದ ಸುರೇಂದ್ರ ಪಟೇಲರು, ಹಳೆಯ ಪಾತ್ರೆಗಳು ಗುಜರಿಗೆ ಹೋಗುವುದನ್ನು ಕಂಡು ಕೊಂಡು ಕೂಡಿಸತೊಡಗಿದರು. ಮಾನವಶಾಸ್ತ್ರಜ್ಞ ಜ್ಯೋತೀಂದ್ರ ಜೈನ್ ಅವರ ನೆರವಿನಿಂದ 1981ರಲ್ಲಿ ಅದು 'ವೇಚಾರ್' ಎಂಬ ಪಾತ್ರೆಗಳ ಸಂಗ್ರಹಾಲಯವಾಯಿತು. ಈಗ ಅಲ್ಲಿ 4,000ಕ್ಕೂ ಹೆಚ್ಚು ವಸ್ತುಗಳಿವೆ.

ಹಿತ್ತಾಳೆ, ತಾಮ್ರ, ಕಂಚಿನ ಕೊಡಗಳು, ಡಬರಿಗಳು, ಸಾಲು ಸಾಲು ಅಡಕೊತ್ತುಗಳು. ಗುಜರಾತಿಯಲ್ಲಿ ಅಡಕೊತ್ತಿಗೆ 'ಸೂಡಿ' ಎನ್ನುತ್ತಾರೆ. ಒಂದು ಅಡಿಕೆ ಕತ್ತರಿಸುವುದಕ್ಕೆ ಇಷ್ಟೊಂದು ಬಗೆಯೇ ಎಂದು ಬೆರಗಾಗುತ್ತದೆ. ಮಲೆನಾಡಿನವರು ನೋಡಿದರೆ ಬೇಗ ಕದಲುವುದಿಲ್ಲ!

ಕೊಡವನ್ನೇ ನೋಡಿ. ಕಂಠ ಕಿರಿದು, ನಡೆಯುವಾಗ ನೀರು ತುಳುಕದಿರಲೆಂದು. ಹೊಟ್ಟೆ ದುಂಡು, ಸೊಂಟದಲ್ಲಿ ಒತ್ತಿ ಹಿಡಿಯಲೆಂದು. ನೀರು ಹೊರುವ ಹೆಂಗಸರ ನಡಿಗೆಯನ್ನು ಕಂಚುಗಾರ ಲೋಹದಲ್ಲಿ ಬಡಿದಿಟ್ಟಿದ್ದಾನೆ. ತಕ್ಕಡಿಗೆ ಇದು ಸಿಗುವುದಿಲ್ಲ. ಗಿರವಿ ಅಂಗಡಿಯಲ್ಲಿ ಕುಸುರಿಗೆ ಬೆಲೆಯಿಲ್ಲ, ಇಲ್ಲಿ ತೂಕಕ್ಕೆ ಬೆಲೆಯಿಲ್ಲ. ವಸ್ತು ಅದೇ, ನೋಡುವ ಕಣ್ಣು ಬೇರೆ.

ನಾನು ಅಲ್ಲಿ ಅಜ್ಜಿಯ ಹಂಡೆಯನ್ನು ಹುಡುಕಿದೆ ಎಂದರೆ ನೀವು ನಗಬಹುದು. ದಾವಣಗೆರೆಯ ಹಂಡೆ ಗುಜರಾತಿಗೆ ಯಾಕೆ ಬಂದೀತು? ಆದರೂ ಪ್ರತಿ ಪಾತ್ರೆಯ ಕಂಠದ ಮೇಲೂ ಕಣ್ಣಾಡಿಸಿದೆ.

ಊರಿಗೆ ಫೋನು ಮಾಡಿ ಅಪ್ಪನಿಗೆ ಇದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಹಂಡೆ ಕರಗಿದ್ದಕ್ಕೇ ನಾನು ಓದಿದ್ದು ಕಣೋ, ಬೇಜಾರು ಮಾಡ್ಕೋಬೇಡ" ಎಂದರು. ನಿಜವೇ. ಕಷ್ಟದಲ್ಲಿ ಕೈಹಿಡಿದದ್ದೂ ಅದರ ಒಂದು ಕೆಲಸವೇ.

ಇಂದಿಗೆ ಅಂಥ ಕಷ್ಟವಿಲ್ಲದವರಲ್ಲಿ ನನ್ನದೊಂದು ಕೋರಿಕೆ. ಅಟ್ಟದ ಮೇಲಿನ ಹಳೇ ಪಾತ್ರೆಯನ್ನು ಗುಜರಿಗೆ ಹಾಕುವ ಮುನ್ನ ಹುಣಸೆಹಣ್ಣು ಹಚ್ಚಿ ಒಮ್ಮೆ ಉಜ್ಜಿ ನೋಡಿ. ಕಂಠದ ಮೇಲೆ ಯಾರದಾದರೂ ಹೆಸರು ಇದ್ದೀತು.